ನಾಲ್ಕು ಗುಂಜಿ ಪುಡಿ

ಫೆಬ್ರುವರಿಯ ಕೊನೆಯ ಭಾನುವಾರ. ಮೀನಿನ ಟ್ಯಾಂಕಿನ ಲೈಟು ಇನ್ನೂ ಹಾಕಿರಲಿಲ್ಲ. ಹೆಣ್ಣು ಗಪ್ಪಿಯೊಂದು ಜಾವಾ ಫರ್ನ್ ಎಲೆಗೆ ಒರಗಿದಂತೆ ನಿದ್ದೆಗಣ್ಣಿನಲ್ಲಿ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ, ಹಿಕ್ಕೆ ಬರುವ ಜಾಗದಲ್ಲಿ, ಕೆಂಪು ದಾರದ ತುಣುಕಿನಂಥವು ಮೂರು ಹೊರಗೆ ಇಣುಕಿದ್ದವು. ಹಿಂದಿನ ದಿನ ಊಟಕ್ಕೆ ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳು ಹಾಕಿದ್ದೆನಲ್ಲ, ಅದೇ ಅರಗದೆ ಬಂದಿರಬೇಕು ಅಂದುಕೊಂಡೆ. ಆದರೆ ಹಿಕ್ಕೆಯಾದರೆ ಜೋತಾಡುತ್ತದೆ, ತುಂಡಾಗಿ ಉದುರುತ್ತದೆ. ಇವು ಮೀನು ಅಲುಗಿದ ಕೂಡಲೇ ಒಳಗೆ ಸರಿದವು, ಮೀನು ನಿಂತ ಮೇಲೆ ಮತ್ತೆ ಹೊರಗೆ ಬಂದವು. ಕಾಫಿ ಅಲ್ಲೇ ಆರಿಹೋಯಿತು.

ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಪಡಸಾಲೆಯಲ್ಲಿ ಮೂರಡಿ ಉದ್ದದ ಈ ಟ್ಯಾಂಕು ಬಂದು ಐದು ವರ್ಷ. ಗಪ್ಪಿ ಇಪ್ಪತ್ತೆರಡು, ಜೀಬ್ರಾ ಡೇನಿಯೊ ಎಂಟು, ತಳದಲ್ಲಿ ಮೂಸುತ್ತ ಓಡಾಡುವ ಕೋರಿಡೋರಸ್ ಐದು. ಇವಿಷ್ಟನ್ನು ಎಣಿಸಬಹುದು. ಎಣಿಸಲಾಗದ್ದು ಕೆಂಪು ಚೆರ್ರಿ ಸೀಗಡಿ. ಪಾಚಿಯ ಗೊಂಚಲು ಅಲ್ಲಾಡಿಸಿದರೆ ಸಾಸಿವೆ ಸಿಡಿದ ಹಾಗೆ ನಾಲ್ಕೂ ಕಡೆ ಹಾರುತ್ತವೆ. ಗಾಜು ನೆಕ್ಕಲು ಎರಡು ನೆರೈಟ್ ಬಸವನಹುಳು, ಮರಳಿನೊಳಗೆ ಟ್ರಂಪೆಟ್ ಬಸವನಹುಳು ಎಷ್ಟೋ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಅನೂಬಿಯಾಸ್ ಗಿಡಗಳು ಬೆಳೆದು ಹಿಂದಿನ ಗಾಜೇ ಕಾಣುವುದಿಲ್ಲ.

ನವೆಂಬರಿನಲ್ಲಿ ಆರು ಗಪ್ಪಿ ಹೊಸದಾಗಿ ತಂದಿದ್ದೆ. ಬಾಲದ ಬಣ್ಣಕ್ಕೆ ಮರುಳಾಗಿ ಅದೇ ದಿನ ಟ್ಯಾಂಕಿಗೆ ಬಿಟ್ಟೆ. ಡಿಸೆಂಬರಿನಲ್ಲಿ ಒಂದು ಗಂಡು ಬಡಕಲಾಗಿ, ಬೆನ್ನು ಬಾಗಿ ಸತ್ತಿತು. ವಯಸ್ಸಾಗಿತ್ತೇನೋ ಅಂದುಕೊಂಡೆ. ಎರಡು ಹೆಣ್ಣಿನ ಹೊಟ್ಟೆ ಊದಿದಾಗ ಬಸುರಿ ಅಂತ ಮಗಳ ಹತ್ತಿರ ಸಂಭ್ರಮಪಟ್ಟಿದ್ದೆ. ಎಲ್ಲ ಈಗ ಒಂದೊಂದೇ ಅರ್ಥವಾಗತೊಡಗಿತು.

ಈ ಹುಳುವಿನ ಹೆಸರು ಕ್ಯಾಮಲ್ಲಾನಸ್ ಕೋಟಿ. 1927ರಲ್ಲಿ ಜಪಾನಿನ ಸಿಹಿನೀರಿನ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿ ಹೆಸರಿಟ್ಟರು. ಆಮೇಲೆ ಗಪ್ಪಿಯಂಥ ಸಾಕುಮೀನುಗಳ ವ್ಯಾಪಾರದ ಜೊತೆ ಊರೂರು ತಿರುಗಿದೆ. ಬಾಯಿಯ ಗಟ್ಟಿ ಚಿಪ್ಪಿನಿಂದ ಕರುಳಿನ ಗೋಡೆ ಕಚ್ಚಿ ಹಿಡಿದು ರಕ್ತ ಕುಡಿಯುತ್ತದೆ, ಕೆಂಪು ಬಣ್ಣ ಅದರದ್ದೇ. ನಮಗೆ ಕಾಣುವುದು ಹೆಣ್ಣು ಹುಳುವಿನ ಬಾಲ ಮಾತ್ರ. ಇದು ಮೊಟ್ಟೆ ಇಡುವುದಿಲ್ಲ, ಜೀವಂತ ಮರಿಯನ್ನೇ ನೀರಿಗೆ ಬಿಡುತ್ತದೆ. ಆ ಮರಿಯನ್ನು ಸೈಕ್ಲಾಪ್ಸ್‌ನಂಥ ನೀರುಚಿಗಟ ತಿನ್ನುತ್ತದೆ, ಚಿಗಟವನ್ನು ಮೀನು ತಿನ್ನುತ್ತದೆ. ಟ್ಯಾಂಕಿನಲ್ಲಿ ಚಿಗಟ ಇಲ್ಲದಿದ್ದರೂ ಇದರ ಸಂಸಾರ ನಿಲ್ಲುವುದಿಲ್ಲ, ಮೀನಿನಿಂದ ಮೀನಿಗೆ ನೇರವಾಗಿಯೇ ದಾಟಿಕೊಳ್ಳಬಲ್ಲದು. ಚಿಮಟದಿಂದ ಎಳೆದು ತೆಗೆದರಾಯಿತು ಅನ್ನಿಸುತ್ತದೆ. ಎಳೆದರೆ ಹುಳುವಿನ ಜೊತೆ ಕರುಳೂ ಹರಿಯುತ್ತದೆ.

ಅತ್ತೆಯನ್ನು ಕರೆದು ತೋರಿಸಿದೆ. ಅವರು ಕುರಿ ಸಾಕಿದ ಮನೆಯಿಂದ ಬಂದವರು. ಕನ್ನಡಕ ಏರಿಸಿ, ಗಾಜಿಗೆ ಮೂಗು ಹಚ್ಚಿ ನೋಡಿದರು.

“ಜಂತು ಕಣವ್ವಾ ಇದು. ಕುರಿ ಹೊಟ್ಟ್ಯಾಗೂ ಹಿಂಗ ಕೆಂಪಂದು ಆಕ್ಕಾವು. ರಕ್ತ ಕುಡುದು ಕುಡುದು ಗದ್ದದ ಕೆಳಗ ನೀರು ತುಂಬಿ ಜೋತು ಬೀಳತೈತಿ. ಮಳೆಗಾಲ ಬಂತಂದ್ರ ನಮ್ಮಪ್ಪ ಎಲ್ಲಾ ಕುರಿಗೂ ಔಷಧ ಕುಡಸ್ತಿದ್ದ. ಮೀನಿಗೇನು, ಅದನ್ನ ಹಾಕು.”

ನಾನು ನಕ್ಕೆ. ಮೂರು ದಿನ ಓದಿದ ಮೇಲೆ ತಿಳಿಯಿತು, ನಗುವಂಥದ್ದೇನೂ ಇರಲಿಲ್ಲ.

ಓದುವ ಮೊದಲು ಅಕ್ವೇರಿಯಂ ಅಂಗಡಿಗೂ ಹೋಗಿದ್ದೆ. ಹುಡುಗ ನೀಲಿ ಬಾಟಲಿ ಎತ್ತಿ ಕೌಂಟರಿನ ಮೇಲಿಟ್ಟ. “ಎಲ್ಲಾದಕ್ಕೂ ಇದೇ ಅಕ್ಕಾ, ಹತ್ತು ಹನಿ ಹಾಕ್ರಿ.” ಆ ಬಾಟಲಿ ನೋಡಿದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಎರಡು ವರ್ಷದ ಹಿಂದೆ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಇಂಥದ್ದೇ ಒಂದನ್ನು ಹಾಕಿದ್ದೆ. ತಾಮ್ರ ಬೆರೆತ ಔಷಧ. ಮೀನಿಗೆ ವಾಸಿಯಾಯಿತು. ಸೀಗಡಿಗಳು ಮಾತ್ರ ಅಂದು ಸಂಜೆಯೊಳಗೆ ಬಿಳಿಚಿಕೊಂಡು ಮಗುಚಿ ಬಿದ್ದವು, ಒಂದೂ ಉಳಿಯಲಿಲ್ಲ. ನಮ್ಮ ರಕ್ತಕ್ಕೆ ಕಬ್ಬಿಣ ಹೇಗೋ ಸೀಗಡಿಯ ರಕ್ತಕ್ಕೆ ತಾಮ್ರ ಹಾಗೆ, ಅದಿಲ್ಲದೆ ಅದು ಬದುಕಲಾರದು. ಆದರೂ ನೀರಿನಲ್ಲಿ ತಾಮ್ರ ಚೂರು ಹೆಚ್ಚಾದರೆ ಸಾಯುತ್ತದೆ. ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಬಿಳಿಚುಕ್ಕೆಯ ಜೀವಿ 30 ಡಿಗ್ರಿ ದಾಟಿದ ನೀರಿನಲ್ಲಿ ಸೊರಗುತ್ತದೆ. ಅದು ಏಪ್ರಿಲ್ ತಿಂಗಳು, ನಮ್ಮೂರಿನಲ್ಲಿ ಹೀಟರಿನ ಹಂಗೇ ಇರಲಿಲ್ಲ. ಗಾಳಿಯ ಪಂಪು ಜೋರು ಮಾಡಿ, ಎರಡು ವಾರ ತಾಳಿಕೊಂಡು ಕೂತಿದ್ದರೆ ಬಿಸಿಲೇ ಮುಕ್ಕಾಲು ಕೆಲಸ ಮುಗಿಸುತ್ತಿತ್ತು.

ಹಾಗಾಗಿ ಈ ಸಲ ಲೆಕ್ಕ ತಿರುವಿ ಹಾಕಿದೆ. ಹುಳು ಯಾವುದರಿಂದ ಸಾಯುತ್ತದೆ ಅನ್ನುವುದು ಆಮೇಲಿನ ಮಾತು. ಯಾವುದರಿಂದ ಸೀಗಡಿ, ಬಸವನಹುಳು ಸಾಯುವುದಿಲ್ಲ? ಪ್ರಾಜಿಕ್ವಾಂಟೆಲ್ ಅನ್ನುವ ಔಷಧ ಸೀಗಡಿಗೆ ಮೃದು, ಆದರೆ ಅದು ಲಾಡಿಹುಳುವಿಗೆ, ಕಿವಿರಿನ ಚಪ್ಪಟೆ ಹುಳುವಿಗೆ. ಈ ದುಂಡುಹುಳುವಿಗೆ ತಾಗುವುದಿಲ್ಲ. ಫೆನ್‌ಬೆಂಡಜೋಲ್ ತಾಗುತ್ತದೆ, ಸೀಗಡಿಯೂ ತಡೆದುಕೊಳ್ಳುತ್ತದೆ, ನೆರೈಟ್ ತಡೆದುಕೊಳ್ಳುವುದಿಲ್ಲ. ಉಳಿದದ್ದು ಲೆವಮಿಸೋಲ್. ಇದು ದುಂಡುಹುಳುವಿನ ಸ್ನಾಯುವನ್ನು ಸೆಟೆದು ನಿಲ್ಲಿಸುತ್ತದೆ. ಹುಳು ಸಾಯುವುದಕ್ಕಿಂತ ಮುಂಚೆ ಹಿಡಿತ ಬಿಡುತ್ತದೆ, ಮೀನು ಅದನ್ನು ಹೊರಗೆ ತಳ್ಳುತ್ತದೆ. ಸರಿಯಾದ ಅಳತೆಯಲ್ಲಿ ಮೀನು, ಸೀಗಡಿ, ಬಸವನಹುಳು, ಗಿಡ ನಾಲ್ಕಕ್ಕೂ ಸಹನೀಯ. ಕುರಿಗಳಿಗೆ ದಶಕಗಳಿಂದ ಕುಡಿಸುತ್ತ ಬಂದ ಜಂತಿನ ಔಷಧಗಳಲ್ಲಿ ಇದೂ ಒಂದು. ಅತ್ತೆ ಆ ದಿನವಿಡೀ ಏನೂ ಮಾತಾಡಲಿಲ್ಲ, ಮುಖದಲ್ಲಿ ಮಾತ್ರ ಎಲ್ಲ ಇತ್ತು.

ಪಶು ಔಷಧದ ಅಂಗಡಿಯಲ್ಲಿ ನನ್ನ ಮುಂದೆ ಇಬ್ಬರು ಕುರಿಗಾಹಿಗಳು, ಹೆಗಲ ಮೇಲೆ ಕಂಬಳಿ. ನನ್ನ ಸರದಿ ಬಂತು.

“ಎಷ್ಟು ಕುರಿ ಅದಾವ್ರಿ ಮೇಡಂ?”

“ಕುರಿ ಅಲ್ರಿ. ಮೀನು.”

“ಕೆರೆ ಏನ್ರಿ? ಎಷ್ಟು ಎಕರೆ?”

“ಗಾಜಿನ ಪೆಟ್ಟಿಗಿ. ಮೂರಡಿ.”

ಕಂಬಳಿಯವರಿಬ್ಬರೂ ತಿರುಗಿ ನೋಡಿದರು. ಅಂಗಡಿಯವರು ಪಾಪ ನಗಲಿಲ್ಲ. ಮೊದಲು ಕೊಟ್ಟದ್ದು ಐವರ್‌ಮೆಕ್ಟಿನ್, “ಈಗ ಎಲ್ಲಾರೂ ಇದನ್ನ ಒಯ್ತಾರ್ರಿ.” ಒಯ್ಯಲಿ, ಉಣ್ಣಿ, ಹೇನುಗಳನ್ನು ಕೊಲ್ಲುವ ಔಷಧ ಸೀಗಡಿಯನ್ನೂ ಬಿಡುವುದಿಲ್ಲ, ಎಲ್ಲವೂ ಕೀಲುಗಾಲಿನ ಒಂದೇ ಬಳಗ. ಎರಡನೆಯದು ಲೆವಮಿಸೋಲ್ ದ್ರಾವಣವೇ, ಆದರೆ ಚೀಟಿಯ ಸಣ್ಣ ಅಕ್ಷರದಲ್ಲಿ ಆಕ್ಸಿಕ್ಲೋಜನೈಡ್ ಅಂತಲೂ ಇತ್ತು. ಕುರಿ ದನಗಳ ಯಕೃತ್ತಿನ ಹುಳುವಿಗೆ ಅದನ್ನು ಬೆರೆಸಿರುತ್ತಾರೆ. ಬಸವನಹುಳುವನ್ನೂ ಬೇಡದ ಮೀನನ್ನೂ ಕೊಲ್ಲಲೆಂದೇ ಬಳಸುವ ನಿಕ್ಲೋಸಮೈಡ್ ಇದೆಯಲ್ಲ, ಅದರ ದಾಯಾದಿ ಇದು. ಅವಸರದಲ್ಲಿ ಅದನ್ನೇ ತಂದು ಸುರಿದಿದ್ದರೆ ಈ ಕಥನ ಎರಡೇ ಸಾಲಿಗೆ ಮುಗಿಯುತ್ತಿತ್ತು. ಕೊನೆಗೆ ಒಳಗಿನಿಂದ ಕೋಳಿ ಫಾರಂನವರು ಒಯ್ಯುವ ಪುಡಿಯ ಪೊಟ್ಟಣ ತಂದರು. ಲೆವಮಿಸೋಲ್ 30 ಶೇಕಡಾ, ಬೇರೆ ಯಾವ ಔಷಧವೂ ಇಲ್ಲ, ನೀರಿನಲ್ಲಿ ಕರಗುತ್ತದೆ. ಅದನ್ನೇ ತೆಗೆದುಕೊಂಡೆ.

ಇನ್ನು ಅಳತೆ. ಟ್ಯಾಂಕು ಕೊಂಡಾಗ “ನೂರು ಲೀಟರ್” ಅಂದಿದ್ದರು. ಟೇಪು ಹಿಡಿದೆ. ಒಳಗಿನ ಉದ್ದ 90 ಸೆಂಟಿಮೀಟರ್, ಅಗಲ 29, ಮರಳಿನ ಮೇಲೆ ನೀರಿನ ಎತ್ತರ 27. ಗುಣಿಸಿದರೆ 70 ಲೀಟರ್ ಚಿಲ್ಲರೆ. ಕಲ್ಲು, ಕಟ್ಟಿಗೆ ಕಳೆದರೆ 68. ನೂರು ಅಂತ ನಂಬಿ ಹಾಕಿದ್ದರೆ ಔಷಧ ಹತ್ತಿರಹತ್ತಿರ ಒಂದೂವರೆ ಪಟ್ಟು ಆಗುತ್ತಿತ್ತು. ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದದ್ದು 136 ಮಿಲಿಗ್ರಾಂ ಲೆವಮಿಸೋಲ್. 30 ಶೇಕಡಾ ಪುಡಿಯಲ್ಲಿ ಅದು ಅರ್ಧ ಗ್ರಾಮಿಗೂ ಕಡಿಮೆ.

ಅರ್ಧ ಗ್ರಾಂ ತೂಗುವುದು ಎಲ್ಲಿ? ಅಡುಗೆಮನೆಯ ತಕ್ಕಡಿ ಅಷ್ಟಕ್ಕೆ ಕಣ್ಣೇ ಬಿಡಲಿಲ್ಲ. ಆಗ ನೆನಪಾದದ್ದು ಬೆಂಗಳೂರು ರಸ್ತೆಯ ಹಿಂದಿನ ಓಣಿಯ ನಮ್ಮ ಅಕ್ಕಸಾಲಿಗರು. ಅತ್ತೆಯ ಮದುವೆಯ ಬೋರಮಾಳದಿಂದ ಹಿಡಿದು ಮಗಳ ಮೂಗುಬೊಟ್ಟಿನವರೆಗೆ ಎಲ್ಲ ಅವರ ಕೈದೇ. ಪೊಟ್ಟಣ ಬಿಚ್ಚಿ ವಿಷಯ ಹೇಳಿದೆ. ಗಾಜಿನ ಗೂಡಿನ ತಕ್ಕಡಿಗೆ ಮೊದಲು ಕಾಗದ ಹಾಸಿದರು. “ವಿಷ ಅಲ್ಲಲ್ರಿ ಅಮ್ಮಾರ? ನಾಳೆ ಇದರಾಗ ತಾಳಿ ತೂಗಬೇಕು.” ಅಲ್ಲ ಅಂದೆ. ಎಷ್ಟು ಅಂದರು. 0.45 ಗ್ರಾಂ ಅಂದೆ.

“ಹಂಗಂದ್ರ ನಾಕು ಗುಂಜಿ ಅನ್ರಿ.”

ಒಂದು ಗುಂಜಿ ಅಂದರೆ 0.12 ಗ್ರಾಮಿನ ಆಸುಪಾಸು. ಲೀಟರಿಗೆ 2 ಮಿಲಿಗ್ರಾಮಿನ ಮೇಲೆ ಒಂದು ಕೂದಲೆಳೆ, ಅಷ್ಟೇ. ಐದು ಪೊಟ್ಟಣ ಕಟ್ಟಿಸಿದೆ: ಮೂರು ಸುತ್ತಿಗೆ ಮೂರು, ಪರೀಕ್ಷೆಗೆ ಒಂದು, ಕೈತಪ್ಪಿ ಚೆಲ್ಲಿದರೆ ಇರಲಿ ಅಂತ ಇನ್ನೊಂದು. ಮೂಗುಬೊಟ್ಟು ಕಟ್ಟುವ ಗುಲಾಬಿ ಕಾಗದದಲ್ಲೇ ಮಡಚಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಪರೀಕ್ಷೆ ಮೊದಲು ಉಪ್ಪಿನಕಾಯಿ ಭರಣಿಯಲ್ಲಿ ನಡೆಯಿತು. ಟ್ಯಾಂಕಿನದೇ ಮೂರು ಲೀಟರ್ ನೀರು, ಐದು ಸೀಗಡಿ, ಎರಡು ಟ್ರಂಪೆಟ್. ಒಂದು ನೆರೈಟನ್ನೂ ಎದೆ ಗಟ್ಟಿ ಮಾಡಿ ಬಿಟ್ಟೆ. ಒಂದು ಪೊಟ್ಟಣವನ್ನು ಕಾಲು ಲೀಟರ್ ನೀರಿಗೆ ಕದಡಿ, ಸೂಜಿ ತೆಗೆದ ಸಿರಿಂಜಿನಿಂದ 10 ಮಿಲಿ ಎಳೆದು ಭರಣಿಗೆ ಹಾಕಿದರೆ ಟ್ಯಾಂಕಿನ ಅಳತೆಯೇ ಆಯಿತು. ರಾತ್ರಿ ಎರಡು ಸಲ ಎದ್ದು ಟಾರ್ಚು ಬಿಟ್ಟು ನೋಡಿದೆ. ಬೆಳಿಗ್ಗೆ ಐದೂ ಸೀಗಡಿ ಭರಣಿಯ ಗಾಜು ಕೆರೆಯುತ್ತಿದ್ದವು. ನೆರೈಟ್ ತೆವಳಿ ಮೇಲೆ ಬಂದು ಮುಚ್ಚಳಕ್ಕೆ ಅಂಟಿತ್ತು, ಅದರ ಮಾಮೂಲಿ ಚಾಳಿ.

ಮಾರ್ಚ್ ಮೊದಲ ಶನಿವಾರ ಗೊತ್ತು ಮಾಡಿದೆ. ನಮ್ಮ ಓಣಿಯಲ್ಲಿ ನಲ್ಲಿ ನೀರು ಬರುವ ದಿನವನ್ನು ಮುಹೂರ್ತದ ಹಾಗೆ ನೋಡಬೇಕು. ಔಷಧದ ಮರುದಿನ ಅರ್ಧ ಟ್ಯಾಂಕು ನೀರು ಬದಲಿಸಲು ತುಂಗಭದ್ರೆಯ ಮೆದು ನೀರು ಬೇಕು, ಬೋರಿನದು ಗಡಸು. ಒಂದು ದಿನ ಮೀನಿಗೆ ಊಟ ಬಂದ್ ಮಾಡಿದೆ. ಫಿಲ್ಟರಿನೊಳಗಿನ ಇದ್ದಿಲು ತೆಗೆದೆ, ಇಲ್ಲದಿದ್ದರೆ ಅದು ಔಷಧವನ್ನೇ ಹೀರುತ್ತದೆ. ಸ್ಪಂಜು ಹಾಗೇ ಇತ್ತು. ಲೆವಮಿಸೋಲಿಗೆ ಬೆಳಕು ಆಗುವುದಿಲ್ಲ, ಅದಕ್ಕೇ ಸಂಜೆ ದೀಪ ಆರಿಸಿ, ಪುಡಿಯನ್ನು ಒಂದು ಚೊಂಬು ನೀರಿನಲ್ಲಿ ಕರಗಿಸಿ ಫಿಲ್ಟರಿನ ಬಾಯಿಗೆ ನಿಧಾನಕ್ಕೆ ಸುರಿದು, ಟ್ಯಾಂಕಿಗೆ ಅತ್ತೆಯ ಕರಿ ಕೌದಿ ಹೊದಿಸಿದೆ. ಗಾಳಿಯ ಪಂಪು ಪೂರ್ತಿ ತಿರುವಿಟ್ಟೆ.

ಕೌದಿಯ ಮೂಲೆ ಎತ್ತಬಾರದು ಅಂದುಕೊಂಡಿದ್ದೆ. ಗಂಟೆಯೊಳಗೆ ಎತ್ತಿದೆ. ಆ ಹೆಣ್ಣು ಗಪ್ಪಿಯ ಕೆಂಪು ದಾರಗಳು ಈಗ ಒಳಗೆ ಹೊರಗೆ ಆಡುತ್ತಿರಲಿಲ್ಲ, ಸೆಟೆದು ನೇರವಾಗಿ ನಿಂತಿದ್ದವು. ಬೆಳಿಗ್ಗೆ ಹೊತ್ತಿಗೆ ಮೂರರಲ್ಲಿ ಎರಡು ಇರಲಿಲ್ಲ. ಗಿಡವಿಲ್ಲದ ಒಂದು ಗೇಣು ಮರಳಿನ ಮೇಲೆ ಕೆಂಪು ಎಳೆಗಳು, ಉದ್ದದ್ದು ಒಂದು ಸೆಂಟಿಮೀಟರ್. ನಾನು ಎಣಿಸಿದ್ದೇ ಹದಿನೇಳು. ಹುಳು ಕಾಣದಿದ್ದ ಮೀನುಗಳಿಂದಲೂ ಬಂದಿವೆ ಅಂತಾಯಿತು. ಒಂದು ಸೀಗಡಿ ಅದರಲ್ಲೊಂದನ್ನು ಶಾವಿಗೆ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ಕೂತಿತ್ತು. ಕಿತ್ತುಕೊಂಡೆ.

ನನಗೆ ಔಷಧಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಇಲ್ಲೇ. ಹುಳು ಬಿದ್ದಿದೆ, ಪೂರ್ತಿ ಸತ್ತಿಲ್ಲ. ಅದರ ಹೊಟ್ಟೆಯ ತುಂಬ ಮರಿ. ನೀರು ಬದಲಿಸದೆ ಬಿಟ್ಟರೆ ಕೋರಿಡೋರಸ್‌ಗಳು ಮೂಸಿ ಮೂಸಿ ಅವನ್ನೇ ತಿನ್ನುತ್ತವೆ. 24 ಗಂಟೆಗೆ ಸರಿಯಾಗಿ ಸೈಫನ್ ಪೈಪು ಹಿಡಿದೆ. ಗಿಡವಿಲ್ಲದ ಟ್ಯಾಂಕಾದರೆ ಹತ್ತು ನಿಮಿಷದ ಕೆಲಸ. ಇಲ್ಲಿ ವ್ಯಾಲಿಸ್ನೇರಿಯಾದ ಬೇರು ಮರಳಿನೊಳಗೆ ಜಡೆ ಹೆಣೆದ ಹಾಗೆ ಓಡಿದೆ, ದೊಡ್ಡ ಪೈಪು ಇಳಿಯುವುದಿಲ್ಲ. ಗಾಳಿ ಪಂಪಿನ ಸಣ್ಣ ಪೈಪಿಗೆ ಐಸ್‌ಕ್ರೀಂ ಕಡ್ಡಿ ಕಟ್ಟಿ, ಗಿಡದ ಬುಡಬುಡಕ್ಕೂ ಹೋಗಿ ಕೊಳೆ ಎಳೆದೆ. ಎರಡೂವರೆ ತಾಸು. ಬಕೆಟ್ಟಿನ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿದ್ದೆ, ಪೈಪಿನೊಳಗೆ ಹೋದ ಸೀಗಡಿ ಮರಿಗಳು ಅದರಲ್ಲಿ ಉಳಿದವು. ಮಾಮೂಲಿಯಾಗಿ ಈ ನೀರು ಕರಿಬೇವಿನ ಗಿಡಕ್ಕೆ. ಈ ಸಲ ಹಾಕಲಿಲ್ಲ, ಆ ಕರಿಬೇವು ನಾವು ಒಗ್ಗರಣೆಗೆ ಹಾಕಿಕೊಳ್ಳುವಂಥದ್ದು.

ನೀರು ತುಂಬುವಾಗ ತಪ್ಪು ಮಾಡಿದೆ. ಅಂದು ನಲ್ಲಿ ಬರಲಿಲ್ಲ. ಸಂಪಿನಲ್ಲಿದ್ದದ್ದು ಒಂದೇ ಬಕೆಟ್ ಸಿಹಿನೀರು. ಕಾಯುವ ತಾಳ್ಮೆ ಇರಲಿಲ್ಲ, ಉಳಿದದ್ದು ಬೋರಿನ ನೀರು ಹೊಯ್ದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು 340ರಿಂದ 610ಕ್ಕೆ ಜಿಗಿಯಿತು. ಮೂರನೇ ದಿನ ನಾಲ್ಕು ಸೀಗಡಿ ಸತ್ತಿದ್ದವು. ಪೊರೆ ಬಿಡಲಾಗದೆ ಕತ್ತಿನ ಹಿಂದೆ ಬಿಳಿ ಉಂಗುರ ಬಿದ್ದಿತ್ತು. ಭರಣಿಯಲ್ಲಿ ಅದೇ ಔಷಧದಲ್ಲಿದ್ದ ಐದೂ ಚೆನ್ನಾಗಿದ್ದವು, ಹಾಗಾಗಿ ಲೆವಮಿಸೋಲಿನ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ಗಪ್ಪಿಗಳಲ್ಲಿ ಎರಡು ಹೋದವು, ಮೊದಲೇ ಎಲುಬು ಬಿಟ್ಟುಕೊಂಡಿದ್ದವು. ಮೊದಲು ಹುಳು ಕಂಡ ಹೆಣ್ಣು ಉಳಿಯಿತು. ನಾಲ್ಕನೇ ದಿನ ಊಟಕ್ಕೆ ಎಲ್ಲರಿಗಿಂತ ಮುಂದೆ ಬಂತು.

ಟ್ಯಾಂಕಿನ ಜಾಳಿಗೆ, ಪೈಪು, ಬಕೆಟ್ಟು ಎಲ್ಲ ತಾರಸಿಯ ಮೇಲೆ ಎರಡು ದಿನ ಬಿಸಿಲಿಗೆ. ಬಳ್ಳಾರಿಯಲ್ಲಿ ಬಿಸಿಲೊಂದಕ್ಕೆ ಬರವಿಲ್ಲ. ಮಗಳ ಕೋಣೆಯಲ್ಲಿ ಒಂಟಿ ಬೆಟ್ಟಾ ಮೀನಿದೆ, ಅದಕ್ಕೆ ಬೇರೆ ಜಾಳಿಗೆ ತಂದೆ.

ಮೂರು ವಾರ ಬಿಟ್ಟು ಎರಡನೇ ಸುತ್ತು. ಮೊದಲ ಸುತ್ತಿನ ದಿನ ಚಿಗಟದ ಹೊಟ್ಟೆಯಲ್ಲಿ ಅಡಗಿದ್ದ ಮರಿಗಳು, ಕೊಳೆಯಲ್ಲಿ ಉಳಿದ ಮರಿಗಳು ಆ ಹೊತ್ತಿಗೆ ಮೀನಿನ ಕರುಳು ಸೇರಿರುತ್ತವೆ, ಆದರೆ ಇನ್ನೂ ಹಡೆಯುವಷ್ಟು ಬೆಳೆದಿರುವುದಿಲ್ಲ. ಆ ಸಂದಿಯಲ್ಲೇ ಹೊಡೆಯಬೇಕು. ಈ ಸಲ ನಾಲ್ಕು ದಿನ ಮೊದಲೇ ಎರಡು ಡ್ರಮ್ಮು ನಲ್ಲಿ ನೀರು ಹಿಡಿದು, ಕ್ಲೋರಿನ್ ಹೋಗಲು ಹೈಪೋ ಹಾಕಿ ಇಟ್ಟಿದ್ದೆ. ಮರಳಿನ ಮೇಲೆ ಸಿಕ್ಕಿದ್ದು ಎರಡೇ ಹುಳು, ನೂಲಿನಷ್ಟು ಸಣ್ಣವು. ಸೀಗಡಿ ಒಂದೂ ಸಾಯಲಿಲ್ಲ.

ಹೆಚ್ಚು ಕಷ್ಟ ಕೊಟ್ಟದ್ದು ಮೂರನೆಯದು. ಏಪ್ರಿಲ್ ನಡುಭಾಗ, ಹೊರಗೆ 41 ಡಿಗ್ರಿ, ಟ್ಯಾಂಕಿನಲ್ಲಿ 33. ನೀರು ಕಾದಷ್ಟೂ ಅದರಲ್ಲಿ ಹಿಡಿಯುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಮಿಗೆ ಮೇಲಿದ್ದದ್ದು 33ರಲ್ಲಿ 7ರ ಹತ್ತಿರಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಪುಡಿಯಲ್ಲಿನ 70 ಭಾಗ ಸಕ್ಕರೆಯಂಥ ಏನೋ, ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚಿ ನೀರು ತೆಳು ಮಜ್ಜಿಗೆಯ ಹಾಗೆ ಮಸುಕಾಯಿತು. ರಾತ್ರಿ ಎರಡಕ್ಕೆ ಕರೆಂಟು ಹೋಯಿತು. ಗಿಡಗಳೂ ಕತ್ತಲಲ್ಲಿ ಆಮ್ಲಜನಕ ಕೊಡುವುದಿಲ್ಲ, ತಾವೇ ಉಸಿರಾಡುತ್ತವೆ. ಕೌದಿ ಎತ್ತಿದರೆ ಡೇನಿಯೊಗಳೆಲ್ಲ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಬ್ಯಾಟರಿ ಪಂಪು ಹುಡುಕಿ ಹಚ್ಚಿದೆ. ಅತ್ತೆ ಎದ್ದು ಬಂದರು. ಏನೂ ಕೇಳದೆ ಕುರ್ಚಿ ಎಳೆದುಕೊಂಡು ಬೀಸಣಿಗೆಯಿಂದ ನೀರಿಗೆ ಗಾಳಿ ಬೀಸತೊಡಗಿದರು. ನಾನು ಲೋಟದಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಿದ್ದೆ. ನಾಲ್ಕಕ್ಕೆ ಕರೆಂಟು ಬಂತು. 24 ಗಂಟೆ ಕಾಯದೆ, ಹದಿನಾಲ್ಕಕ್ಕೇ ಅರ್ಧ ನೀರು ಬದಲಿಸಿದೆ. ಈ ಸುತ್ತಿಗೆ ಮೊದಲೇ ಯೋಚಿಸಿ ಇಟ್ಟುಕೊಳ್ಳಬೇಕಿದ್ದದ್ದು ಕೌದಿಯಷ್ಟೇ ಅಲ್ಲ, ಒಂದು ಟೇಬಲ್ ಫ್ಯಾನು, ಇನ್‌ವರ್ಟರು ಕೂಡ.

ಮರಳಿನ ಮೇಲೆ ಒಂದೂ ಹುಳು ಇರಲಿಲ್ಲ.

ಇರಲಿಲ್ಲ ಅಂದ ಮಾತ್ರಕ್ಕೆ ನಂಬಿಕೆ ಬರಬೇಕಲ್ಲ. ಮೇ, ಜೂನ್, ಜುಲೈ ಪ್ರತಿ ಬೆಳಿಗ್ಗೆ ದೀಪ ಹಾಕುವ ಮುಂಚೆ ಟಾರ್ಚು ಹಿಡಿದು ಒಂದೊಂದೇ ಗಪ್ಪಿಯ ಹಿಂಭಾಗ ನೋಡುವುದು ನಿತ್ಯಕರ್ಮವಾಯಿತು. ಈ ನಡುವೆ ಆ ಹೆಣ್ಣು ನಿಜವಾಗಿಯೇ ಬಸುರಿಯಾಗಿ ಹದಿನೆಂಟು ಮರಿ ಹಾಕಿತು. ಹೊಸ ಮೀನು ತಂದರೆ ಈಗ ಬಾಲ್ಕನಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ತಿಂಗಳು ಇರಬೇಕು. ಇಲ್ಲಿಯವರೆಗೆ ತಂದಿಲ್ಲ.

ಆಗಸ್ಟಿನಲ್ಲಿ ಮಗಳ ಓಲೆಯ ತಿರುಪು ಸಡಿಲಾಗಿದೆ ಅಂತ ಅಕ್ಕಸಾಲಿಗರ ಹತ್ತಿರ ಹೋಗಿದ್ದೆ.

“ಮೀನು ಹೆಂಗದಾವ್ರಿ ಅಮ್ಮಾರ?”

ಚೆನ್ನಾಗಿವೆ, ಮರಿ ಹಾಕಿವೆ ಅಂದೆ.

“ಹಂಗಾರ ಒಂದ್ ಹತ್ತು ಕೊಡ್ರಿ. ಅಂಗಡಿ ಹಿಂದ ನೀರಿನ ತೊಟ್ಟಿ ಐತಿ, ಭಾಳ ಸೊಳ್ಳಿ. ಗಪ್ಪಿ ಬಿಟ್ರ ಸೊಳ್ಳಿ ಮರಿ ತಿಂತಾವಂತ ಆರೋಗ್ಯ ಇಲಾಖೆಯವರೂ ಹೇಳ್ಯಾರ.”

ತೂಗಿದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳದ ಮನುಷ್ಯ. ಕೊಡಬೇಕು. ಆದರೆ ಆ ತೊಟ್ಟಿಯಲ್ಲಿ ಸೈಕ್ಲಾಪ್ಸ್ ಇಲ್ಲದೆ ಇರುತ್ತದೆಯೇ?

“ದಸರಾ ಮುಗೀಲಿ ಅಣ್ಣಾರ,” ಅಂದೆ. “ಅಲ್ಲೀತನಕ ನೋಡಿ, ಆಮ್ಯಾಲೆ ನಾನಾ ತಂದು ಬಿಡ್ತೀನಿ.”